ದೊರೆ ಕಟ್ಟಲಿಲ್ಲ, ಕೇರಿ ಕಟ್ಟಿತು

ನಮ್ಮ ಕಣೇಕಲ್ಲು ಸೀಮೆಯಲ್ಲಿ ಚರ್ಚಿನ ಮಾತು ಬಂತೆಂದರೆ ಎರಡೇ ಕಥೆ ಕೇಳಿಸುತ್ತವೆ. ಮೊದಲನೆಯದು ಅರಳಿಕಟ್ಟೆಯ ಕಥೆ: ಬಿಳಿಯರು ಬಂದರು, ಬರಗಾಲದಾಗ ಅಕ್ಕಿ ಕೊಟ್ಟರು, ಹಸಿದವರ ಕುಲ ಕೆಡಿಸಿದರು. ಎರಡನೆಯದು ಚರ್ಚಿನ ವಾರ್ಷಿಕೋತ್ಸವದ ಮೈಕಿನ ಕಥೆ: ಕತ್ತಲೆಯಲ್ಲಿದ್ದ ನಮ್ಮನ್ನು ಹುಡುಕಿಕೊಂಡು ದೊರೆಗಳು ಬಂದರು, ಉದ್ಧಾರ ಮಾಡಿದರು. ಈ ಎರಡು ಕಥೆ ಹೇಳುವವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಆದರೆ ನಾನು ಹೇಳುವುದೇನೆಂದರೆ, ಎರಡೂ ಒಂದೇ ಕಥೆ. ಎರಡರಲ್ಲೂ ದೊರೆ ಮಾಡುತ್ತಾನೆ, ಕೇರಿಯವನು ಮಾಡಿಸಿಕೊಳ್ಳುತ್ತಾನೆ. ಒಬ್ಬರ ಪ್ರಕಾರ ಅವನು ಮೋಸ ಹೋದ, ಇನ್ನೊಬ್ಬರ ಪ್ರಕಾರ ಉದ್ಧಾರವಾದ. ಅವನೇ ಯೋಚಿಸಿ, ಅವನೇ ನಡೆದು, ಅವನೇ ಕಟ್ಟಿದ ಅನ್ನುವ ಮಾತು ಯಾರ ಬಾಯಲ್ಲೂ ಇಲ್ಲ.

ನಾನು ಯಾವ ಚರ್ಚಿನ ಸದಸ್ಯನೂ ಅಲ್ಲ. ಯಾರನ್ನೂ ಅಲ್ಲಿಗೆ ಕರೆಯಲು ಈ ಲೇಖನ ಬರೆಯುತ್ತಿಲ್ಲ, ಅಲ್ಲಿಂದ ಬಿಡಿಸಲಿಕ್ಕೂ ಅಲ್ಲ. ನಮ್ಮ ವಾಚನಾಲಯದಲ್ಲಿ ಊರ ಚರಿತ್ರೆ ಬರೆಯಬೇಕು ಅನ್ನುವ ಮಾತು ಬಂದಾಗಲೆಲ್ಲ ಗುಡಿಗೆ ಹತ್ತು ಪುಟ, ಕೆರೆಗೆ ಐದು ಪುಟ, ಚರ್ಚಿಗೆ 'ಪರದೇಶಿ ಮಿಷನರಿಗಳು' ಅಂತ ಅರ್ಧ ಪುಟ ಎತ್ತಿಡುತ್ತಾರಲ್ಲ, ಆ ಅರ್ಧ ಪುಟದ ಮೇಲೆ ನನ್ನ ತಕರಾರು.

ಮೊದಲು 'ಪರದೇಶಿ' ಅನ್ನುವ ಮಾತನ್ನೇ ನೋಡೋಣ. ನಮ್ಮ ಹೊಲದ ಶೇಂಗಾ ದಕ್ಷಿಣ ಅಮೆರಿಕದಿಂದ ಬಂದದ್ದು, ಮೆಣಸಿನಕಾಯಿಯೂ ಆ ಕಡೆಯದ್ದೇ. ಅನಂತಪುರ ಜಿಲ್ಲೆ ಅಂದರೆ ಶೇಂಗಾ ಅನ್ನುವಷ್ಟು ಅದು ನಮ್ಮದಾಗಿದೆ. ಬೀಜ ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ, ಬಿತ್ತಿದವನು ಯಾರು, ಕಳೆ ತೆಗೆದವಳು ಯಾರು ಅಂತ ಕೇಳುತ್ತಾರೆ. ಹೊಲಕ್ಕೆ ಒಂದು ನ್ಯಾಯ, ಕೇರಿಗೆ ಇನ್ನೊಂದು ನ್ಯಾಯ ಯಾಕೆ ಸ್ವಾಮಿ?

ಬ್ಯಾಪ್ಟಿಸ್ಟ್ ಸಭೆ ಅಂದರೇನು ಅನ್ನುವುದು ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ಎಲ್ಲ ಚರ್ಚೂ ಒಂದೇ ಅಂದುಕೊಂಡಿದ್ದೇವೆ. ಬಳ್ಳಾರಿ ಕಡೆಯಿಂದ ನಮ್ಮ ಸೀಮೆಗೆ ಬಂದದ್ದು ಲಂಡನ್ ಮಿಷನ್. 1810ರಲ್ಲಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತ. ಅದು ಪೂರ್ತಿ ಅಚ್ಚಾಗಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಆ ಮಿಷನ್ನಿನ ಸಭೆಗಳು 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯೊಳಗೆ ಸೇರಿದವು. ಬ್ಯಾಪ್ಟಿಸ್ಟರು ಸೇರಲಿಲ್ಲ. ಅವರ ನಿಯಮ ಬೇರೆ. ಹುಟ್ಟಿದ ಕೂಸಿಗೆ ನೀರು ಚಿಮುಕಿಸಿ ಹೆಸರಿಡುವುದು ಅವರಲ್ಲಿಲ್ಲ. ಬುದ್ಧಿ ಬಂದವನು ತಾನೇ ಎದ್ದು ನಿಂತು 'ನಾನು ನಂಬಿದ್ದೇನೆ' ಅನ್ನಬೇಕು, ಅಲ್ಲಿದ್ದ ಸದಸ್ಯರು ಒಪ್ಪಬೇಕು, ಆಮೇಲೆ ಮೈಯೆಲ್ಲ ಮುಳುಗುವಷ್ಟು ನೀರಿನಲ್ಲಿ ಮುಳುಗಿ ಏಳಬೇಕು. ಸಭೆಗೆ ಮೇಲೊಬ್ಬ ಬಿಷಪ್ಪ ಇಲ್ಲ. ಪಾಸ್ಟರನ್ನು ಗೊತ್ತುಮಾಡುವವರೂ ಬೇಡವೆಂದರೆ ಕಳಿಸುವವರೂ ಸದಸ್ಯರೇ. ಒಂದು ಪುಸ್ತಕದಲ್ಲಿ ಸದಸ್ಯರ ಹೆಸರು, ಒಬ್ಬರಿಗೆ ಒಂದು ಕೈ, ಕೈ ಎತ್ತಿದ್ದನ್ನು ಎಣಿಸಿ ತೀರ್ಮಾನ.

ಇದನ್ನು ನಮ್ಮ ಊರಿನ ಕಣ್ಣಿನಿಂದ ನೋಡ್ರಿ. ಪಂಚಾಯ್ತಿ ಕಟ್ಟೆಗೆ ಹತ್ತಬಾರದು, ದೂರ ನಿಂತು ಕೈಮುಗಿಯಬೇಕು ಅನ್ನಿಸಿಕೊಂಡವನಿಗೆ ಒಂದು ಗುಡಿಸಲಿನೊಳಗೆ ಮತ ಸಿಕ್ಕಿತು. ದೇಶದ ವಯಸ್ಕರಿಗೆಲ್ಲ ಮತ ಸಿಕ್ಕಿದ್ದು 1950ರ ಸಂವಿಧಾನದಿಂದ. ಕೇರಿಯ ಹುಲ್ಲು ಚಾವಣಿಯ ಕೆಳಗೆ ಕೈ ಎತ್ತಿ ಎಣಿಸುವುದು ಅದಕ್ಕೂ ಮೊದಲೇ ನಡೆದಿತ್ತು. ಊರ ಚರಿತ್ರೆಯಲ್ಲಿ ಇದಕ್ಕೆ ಅರ್ಧ ಪುಟವೇ?

ಈಗ ನೀರಿನ ಮಾತು. ನಮ್ಮದು ಒಣ ಸೀಮೆ. ಹಗರಿಯಲ್ಲಿ ನೀರಿಗಿಂತ ಮರಳು ಹೆಚ್ಚು. ಗಾಳಿ ಎದ್ದರೆ ಆ ಮರಳು ಹೊಲಕ್ಕೆ ಬಂದು ಕೂರುತ್ತದೆ. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಬರುವ ಮುಂಚೆ ಒಂದು ಕೊಡ ನೀರಿಗೆ ಏನು ಬೆಲೆ ಅಂತ ಹಿರಿಯರಿಗೆ ಗೊತ್ತು. ಆ ಬಾವಿಗಟ್ಟೆಯ ಮೇಲೆ ಯಾರು ನಿಲ್ಲಬಹುದಿತ್ತು, ಯಾರು ಕೆಳಗೆ ಕೊಡ ಇಟ್ಟು ಕಾಯಬೇಕಿತ್ತು ಅನ್ನುವುದೂ ಗೊತ್ತು, ಹೇಳುವುದಿಲ್ಲ ಅಷ್ಟೆ. 1927ರ ಮಾರ್ಚ್ 20ರಂದು ಅಂಬೇಡ್ಕರರು ಮಹಾಡದ ಚವದಾರ ಕೆರೆಗೆ ಇಳಿದು ಒಂದು ಬೊಗಸೆ ನೀರು ಕುಡಿದದ್ದು ದೇಶದ ಸುದ್ದಿಯಾಯಿತು, ಆಗಲೇಬೇಕಿತ್ತು. ಮುಟ್ಟಿದರೆ ನೀರು ಮೈಲಿಗೆ ಅನ್ನಿಸಿಕೊಂಡ ಜನ ಹಾಡಹಗಲು ಹೊಳೆಗಿಳಿದು ತಲೆ ಮುಳುಗಿಸಿ ಎದ್ದುಬಂದರೆ ಅದೂ ಸಣ್ಣ ಸುದ್ದಿಯಲ್ಲ. ಅದನ್ನು ಬರೀ ಮತಾಂತರ ಅಂತ ಒಂದೇ ಪದದಲ್ಲಿ ಮುಗಿಸುವವನಿಗೆ ಬಾಯಾರಿಕೆ ಆಗಿಲ್ಲ ಅಂತಲೇ ಅರ್ಥ.

'ಅಕ್ಕಿ' ಅನ್ನುವ ಆರೋಪಕ್ಕೆ ಬರೋಣ. ಇದಕ್ಕೆ ಬಾಯಿಮಾತಿನ ಉತ್ತರ ಬೇಡ, ಲೆಕ್ಕ ಕೊಡುತ್ತೇನೆ. ತೆಲುಗು ನಾಡಿನ ಬ್ಯಾಪ್ಟಿಸ್ಟ್ ಸಭೆಗಳ ತಾಯಿಬೇರು ಒಂಗೋಲು. ಅಮೆರಿಕದ ಬ್ಯಾಪ್ಟಿಸ್ಟರು ನೆಲ್ಲೂರಿಗೆ ಬಂದದ್ದು 1840ರಲ್ಲಿ. ಕಾಲು ಶತಮಾನ ಬೋಧಿಸಿದರೂ ಸೇರಿದವರು ಬೆರಳೆಣಿಕೆ. ಈ ಮಿಷನ್ ಮುಚ್ಚಿಬಿಡೋಣ ಅಂತ ಅಮೆರಿಕದಲ್ಲಿ ಮತ್ತೆ ಮತ್ತೆ ಚರ್ಚೆಯಾಯಿತು. ದೊರೆಯಿಂದಲೇ ಸಭೆ ಬೆಳೆಯುವುದಾದರೆ ಆ ಇಪ್ಪತ್ತೈದು ವರ್ಷ ಯಾಕೆ ಬೆಳೆಯಲಿಲ್ಲ? ದೊರೆ ಇದ್ದ, ದುಡ್ಡಿತ್ತು, ಪುಸ್ತಕ ಇತ್ತು. ಕೇರಿಯವನು ಇನ್ನೂ ಕಾಲು ಇಟ್ಟಿರಲಿಲ್ಲ, ಅಷ್ಟೆ.

ಕಾಲು ಇಟ್ಟವನ ಹೆಸರು ಯರ್ರಗುಂಟ್ಲ ಪೇರಯ್ಯ. ಒಂಗೋಲಿನಿಂದ ಪಶ್ಚಿಮಕ್ಕೆ ನಲವತ್ತು ಮೈಲಿ ಆಚೆಯ ತಲ್ಲಕೊಂಡಪಾಡಿನ ಮಾದಿಗ, ಚರ್ಮದ ವ್ಯಾಪಾರಿ. ದೊರೆಯನ್ನು ನೋಡುವ ಮೊದಲೇ ಗುರುಗಳ ಹತ್ತಿರ ಯೋಗ ಕಲಿತಿದ್ದ, ದೇವರ ವಿಷಯಕ್ಕೆ ತಲೆ ಕೆಡಿಸಿಕೊಂಡಿದ್ದ. ಚರ್ಮ ಕೊಳ್ಳಲು ಉತ್ತರಕ್ಕೆ ಹೋದಾಗ ಈ ಬೋಧೆ ಕಿವಿಗೆ ಬಿತ್ತು. 1866ರಲ್ಲಿ ಪೇರಯ್ಯನೂ ಅವನ ಹೆಂಡತಿ ನಾಗಮ್ಮನೂ ದೀಕ್ಷಾಸ್ನಾನ ತೆಗೆದುಕೊಂಡರು. ಆಮೇಲೆ ಅವನೇ ಹಳ್ಳಿ ಹಳ್ಳಿ ತಿರುಗಿ ಹೇಳಿದ. 1867ರ ಜನವರಿ 1ರಂದು ಎಂಟು ಸದಸ್ಯರಿಂದ ಒಂಗೋಲು ಸಭೆ ಕಟ್ಟಿಕೊಂಡರು. ಅದೇ ತಿಂಗಳು ಕ್ಲಫ್ ದೊರೆ ಪೇರಯ್ಯನ ಊರ ಹತ್ತಿರ ಡೇರೆ ಹಾಕಿದಾಗ ಜನ ಬುತ್ತಿ ಕಟ್ಟಿಕೊಂಡು, ಹಾಸಿಗೆ ಹೊತ್ತುಕೊಂಡು ಬಂದಿದ್ದರು. ಇಪ್ಪತ್ತೆಂಟು ಮಂದಿ ಸೇರಿದರು. ಹೊಲ ಉತ್ತು ಬಿತ್ತಿದ್ದು ಪೇರಯ್ಯ.

ಬುತ್ತಿ ಕಟ್ಟಿಕೊಂಡು ಬಂದವರು ಅಂದೆ, ಗಮನಿಸಿ. ಅಕ್ಕಿಗೆ ಬಂದವರು ಬುತ್ತಿ ತರುವುದಿಲ್ಲ.

ಅದಾಗಿ ಒಂಬತ್ತು ವರ್ಷಕ್ಕೆ ಧಾತು-ಈಶ್ವರ ಸಂವತ್ಸರದ ಬರ, 1876ರಿಂದ 78ರವರೆಗೆ. ನಮ್ಮ ಬಳ್ಳಾರಿ ಜಿಲ್ಲೆ ಆ ಬರದಲ್ಲಿ ಅತಿ ಹೆಚ್ಚು ಸತ್ತ ಜಿಲ್ಲೆಗಳ ಸಾಲಿನಲ್ಲಿತ್ತು. ಆಗ ರಾಯದುರ್ಗ ತಾಲೂಕು ಬಳ್ಳಾರಿಗೇ ಸೇರಿದ್ದು, 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಬಂದದ್ದು ಎಲ್ಲರಿಗೂ ಗೊತ್ತು. ಕ್ಲಫ್ ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ಅಗೆಯುವ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟ. ಅಗೆದವರು ಕೂಲಿ ತಿಂದರು, ಬಿಟ್ಟಿ ಅನ್ನವಲ್ಲ. ಇನ್ನೊಂದು ಮಾತು: ಬರ ನಡೆದಿದ್ದಾಗ ಸುಮಾರು ಹದಿನೈದು ತಿಂಗಳು ದೀಕ್ಷಾಸ್ನಾನವನ್ನೇ ನಿಲ್ಲಿಸಿದ್ದರು. ಹೊಟ್ಟೆಗಾಗಿ ಬಂದರು ಅನ್ನುವ ಮಾತು ಬರಬಾರದು ಅಂತ. ಮತ್ತೆ ಶುರುವಾದದ್ದು 1878ರ ಜೂನಿನಲ್ಲಿ. ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನ ಮುಳುಗಿ ಎದ್ದರು. ಮುಳುಗಿಸಿದವರು ಯಾರು? ಆರು ಜನ ದೇಶೀಯ ಬೋಧಕರು, ಒಂದು ಸಲಕ್ಕೆ ಇಬ್ಬರಂತೆ. ದೊರೆ ದಡದಲ್ಲಿ ನಿಂತಿದ್ದ. ಚರ್ಚಿನ ಗೋಡೆಯ ಮೇಲೆ ದೊರೆಯ ಫೋಟೋ ಇದೆ, ನೀರಲ್ಲಿ ಸೊಂಟದವರೆಗೆ ನಿಂತ ಆ ಆರು ಜನರದು ಎಲ್ಲಿದೆ?

'ಬರ ಬಾರದಿದ್ದರೆ ಅಷ್ಟು ಸಾವಿರ ಜನ ಬರುತ್ತಿದ್ದರೇನು?' ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಷ್ಟು ಬೇಗ ಬರುತ್ತಿರಲಿಲ್ಲ ಅಂತ ನಾನೂ ಒಪ್ಪುತ್ತೇನೆ. ಕಷ್ಟದಲ್ಲಿ ಯಾರು ಪಕ್ಕಕ್ಕೆ ನಿಂತರು ಅಂತ ಮನುಷ್ಯ ನೆನಪಿಟ್ಟುಕೊಳ್ಳುತ್ತಾನೆ, ಅದು ತಪ್ಪಲ್ಲ. ಹಗೇವಿನಲ್ಲಿ ಜೋಳ ಇಟ್ಟುಕೊಂಡು ಬಾಯಿ ಮುಚ್ಚಿದವರ ವಂಶಸ್ಥರು, ಗುದ್ದಲಿ ಕೊಟ್ಟು ಕೂಲಿ ಕೊಟ್ಟವನ ಕಡೆ ಜನ ಯಾಕೆ ಹೋದರು ಅಂತ ಕೇಳಬಾರದು.

ಸೇರಿದವರಿಗೆ ಸಿಕ್ಕಿದ್ದೇನು ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ರಿ. ಸಭೆ ಹಾಕಿದ ಷರತ್ತು ಮೂರು: ಭಾನುವಾರ ಕೆಲಸ ಮಾಡಬೇಡ, ಸತ್ತ ದನ ತಿನ್ನಬೇಡ, ವಿಗ್ರಹಕ್ಕೆ ಅಡ್ಡಬೀಳಬೇಡ. ಕೇಳಲು ಸುಲಭ. ಭಾನುವಾರ ಬಿಟ್ಟಿಗೆ ಬರುವುದಿಲ್ಲ ಅಂದರೆ ಗೌಡನಿಗೆ ಸಿಟ್ಟು. ಜಾತ್ರೆಗೆ ತಮಟೆ ಬಡಿಯುವುದಿಲ್ಲ ಅಂದರೆ ಊರಿಗೇ ಸಿಟ್ಟು. ಬಾವಿ ಬಂದ್, ಅಂಗಡಿ ಬಂದ್, ಕೂಲಿ ಬಂದ್, ಒಂಗೋಲು ಸೀಮೆಯಲ್ಲಿ ಇದೆಲ್ಲ ನಡೆಯಿತು. ಮಾದಿಗರನ್ನು ಸೇರಿಸಿಕೊಂಡದ್ದಕ್ಕೆ ಮೇಲ್ಜಾತಿಯ ಹುಡುಗರು ಕ್ಲಫ್‌ನ ಶಾಲೆ ಬಿಟ್ಟು ಎದ್ದುಹೋದರು. ಅಕ್ಕಿ ಸಿಕ್ಕಿತು ಅನ್ನುತ್ತೀರಿ, ಸ್ವಾಮಿ, ಇದ್ದ ಜೋಳವೂ ಹೋಯಿತು.

ಇಷ್ಟು ಹೇಳಿ ಚರ್ಚಿನವರ ಬೆನ್ನು ತಟ್ಟಿ ಹೋಗುತ್ತೇನೆ ಅಂದುಕೊಳ್ಳಬೇಡಿ. ಅವರ ಮೇಲೂ ನನ್ನ ತಕರಾರಿದೆ.

ಮೊದಲನೆಯದು: ಸದಸ್ಯರು ಕೈ ಎತ್ತಿ ನಡೆಸುವ ಸಭೆ ಅಂತ ಹೆಸರು, ಆದರೆ ಎಷ್ಟು ಕಡೆ ಆ ಸಭೆ ಕೂಡುತ್ತದೆ? ಅಪ್ಪ ಪಾಸ್ಟರ್, ಮಗ ಪಾಸ್ಟರ್, ಜಾಗದ ಪತ್ರ ಮನೆಯ ಪೆಟ್ಟಿಗೆಯಲ್ಲಿ. ಬಿಳಿ ದೊರೆ ಹೋದ, ಕರಿ ದೊರೆ ಕೂತ. ಕೈ ಎತ್ತುವ ಹಕ್ಕನ್ನು ಅಜ್ಜಂದಿರು ಬಾವಿ ಕಳಕೊಂಡು ಗಳಿಸಿದ್ದರು. ಅದನ್ನು ಮೊಮ್ಮಕ್ಕಳು ಚಪ್ಪಾಳೆ ತಟ್ಟಿ ಕಳಕೊಳ್ಳುತ್ತಿದ್ದಾರೆ.

ಎರಡನೆಯದು ಭಾಷೆ. ಗಡಿಯಲ್ಲಿ ನಮ್ಮ ಮನೆಮಾತು ಕನ್ನಡ, ಶಾಲೆ ತೆಲುಗು. ಕೊನೆಗೆ ಪ್ರಾರ್ಥನೆಯೂ ತೆಲುಗಿಗೆ ಹೋದರೆ ಕನ್ನಡಕ್ಕೆ ಉಳಿಯುವುದು ಅಳು ಮತ್ತು ಬೈಗುಳ ಎರಡೇ. ಬ್ಯಾಪ್ಟಿಸ್ಟರಿಗೆ ಕನ್ನಡ ಹೊಸದಲ್ಲ. ಇಂಗ್ಲೆಂಡಿನ ಹಳ್ಳಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ವಿಲಿಯಂ ಕೇರಿ ಬ್ಯಾಪ್ಟಿಸ್ಟನೇ. ಅವನು ಬಂಗಾಳದ ಶ್ರೀರಾಂಪುರದಲ್ಲಿ ಕೂತು 1817ರಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ. ಮಂಗಳೂರಿನಲ್ಲಿ 1843ರಲ್ಲಿ ಶುರುವಾದ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' ಮರುವರ್ಷ ಅಚ್ಚಿಗೆ ಬಂದದ್ದು ನಮ್ಮ ಬಳ್ಳಾರಿಗೆ. ಚಮ್ಮಾರನೊಬ್ಬ ಅಷ್ಟು ದೂರ ಕೂತು ನಮ್ಮ ಭಾಷೆಗೆ ವ್ಯಾಕರಣ ಬರೆದ. ಇಲ್ಲೇ ಹುಟ್ಟಿದವರು ಇಲ್ಲೇ ಕನ್ನಡದಲ್ಲಿ ಒಂದು ವರದಿ ಬರೆದಿಡಲಾರರೇ?

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಅದರ ತಪ್ಪು ಚರ್ಚಿನದಲ್ಲ, ಸರ್ಕಾರದ್ದು. 1950ರ ಪರಿಶಿಷ್ಟ ಜಾತಿ ಆದೇಶ ಹಿಂದೂಗಳಿಗಷ್ಟೇ ಆ ಸ್ಥಾನ ಅಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರನ್ನು ಸೇರಿಸಲಿಲ್ಲ. ಆಂಧ್ರದಲ್ಲಿ ಅವರು ಬಿ.ಸಿ. 'ಸಿ' ಗುಂಪು, ಮೀಸಲಾತಿ ಶೇಕಡಾ 1. 2023ರ ಮಾರ್ಚಿನಲ್ಲಿ ಆಂಧ್ರದ ವಿಧಾನಸಭೆ ಇದನ್ನು ಸರಿಪಡಿಸಿ ಅಂತ ಕೇಂದ್ರಕ್ಕೆ ನಿರ್ಣಯ ಕಳಿಸಿತು. ನಿರ್ಣಯದಿಂದ ಕಾನೂನು ಬದಲಾಗುವುದಿಲ್ಲ. ಹಾಗಾಗಿ ಭಾನುವಾರಕ್ಕೆ ಒಂದು ಹೆಸರು, ಶಾಲೆಯ ದಾಖಲೆಗೆ ಇನ್ನೊಂದು ಹೆಸರು. ಚರ್ಚಿನ ಪುಸ್ತಕದಲ್ಲಿ ಹೆಸರು ಬರೆಸಲು ಜನ ಹೆದರುತ್ತಾರೆ, ಬರೆಸಿದ ಪುಸ್ತಕ ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ. ಊರು ಅವನನ್ನು ನೋಡುವ ಕಣ್ಣು ಬದಲಾಗಲಿಲ್ಲ, ಟೀ ಅಂಗಡಿಯ ಲೋಟ ಕೇಳಿದರೆ ಹೇಳುತ್ತದೆ. ಕಾಗದ ಮಾತ್ರ 'ನೀನೀಗ ಅವನಲ್ಲ' ಅನ್ನುತ್ತದೆ. ಒಬ್ಬ ಮನುಷ್ಯನಿಗೆ ಅವನ ದೇವರು ಬೇಕೋ ಮಗಳ ಕಾಲೇಜು ಬೇಕೋ ಅಂತ ಕೇಳುವ ಕಾನೂನನ್ನು ಧರ್ಮಸ್ವಾತಂತ್ರ್ಯ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಆದ್ದರಿಂದಲೇ ಈ ಚರಿತ್ರೆ ಬರೆಯಬೇಕು, ಈಗಲೇ ಬರೆಯಬೇಕು. ಹೆದರಿಕೆಯಿಂದ ಮುಚ್ಚಿಟ್ಟ ಪುಸ್ತಕಕ್ಕೆ ಗೆದ್ದಲು ಹತ್ತಿದರೆ ಅರಳಿಕಟ್ಟೆಯ ಕಥೆಯೇ ಚರಿತ್ರೆಯಾಗುತ್ತದೆ. ಬದುಕಿರುವವರ ಹೆಸರು ಬೇಡ, ಅವರಿಗೆ ತೊಂದರೆ. ತೀರಿಹೋದವರದು ಬರೆಯೋಣ, ಮನೆಯವರು ಒಪ್ಪಿದರೆ. ಮೊದಲು ಕೂಡಿದ್ದು ಯಾರ ಗುಡಿಸಲಿನಲ್ಲಿ? ಮೊದಲು ಮುಳುಗಿದ್ದು ಹಗರಿಯಲ್ಲೋ ಕೆರೆಯಲ್ಲೋ ಕಾಲುವೆಯಲ್ಲೋ? ಜಾಗ ಕೊಟ್ಟವರು ಯಾರು, ಕಲ್ಲು ಹೊತ್ತವಳು ಯಾರು, ಓದು ಬಾರದವರಿಗೆ ಓದಿ ಹೇಳಿದ ಹುಡುಗ ಯಾರು? ಅರಳಿಕಟ್ಟೆಯವರೂ ಬನ್ನಿ, ಬಾವಿ ಬಂದ್ ಮಾಡಿದ್ದು ಯಾವ ವರ್ಷ ಅನ್ನುವುದು ನಿಮ್ಮ ಮನೆಯ ಹಿರಿಯರಿಗೇ ಚೆನ್ನಾಗಿ ಗೊತ್ತಿರುತ್ತದೆ. ವಾಚನಾಲಯದಲ್ಲಿ ಒಂದು ದಪ್ಪ ಪುಸ್ತಕ, ಒಂದು ಪೆನ್ನು ಇಟ್ಟರೆ ಸಾಕು. ಗುಡಿಗೆ ಹತ್ತು ಪುಟ ಇರಲಿ, ನನ್ನ ಅಡ್ಡಿ ಇಲ್ಲ. ಕೇರಿಗೂ ಹತ್ತು ಪುಟ ಕೊಡಿ. ಬರೆಯುವವನು ಮಾತ್ರ ಕೇರಿಯವನೇ ಆಗಿರಲಿ.