ಮೊದಲು ಮೈಗೆ ಬಟ್ಟೆ, ಆಮೇಲೆ ಉಪದೇಶ

ಜ್ಞಾನೋದಯ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಬೋಧಿವೃಕ್ಷ, ಅದರಡಿ ಕಣ್ಮುಚ್ಚಿ ಕುಳಿತ ಬುದ್ಧ. ಹೆಂಡತಿಯನ್ನೂ ಹಸುಗೂಸನ್ನೂ ಬಿಟ್ಟು ಹೊರಟವನಿಗೆ ಅದು ದಕ್ಕಿತು. ಬೆಳಗಾದರೆ ಹಾಲು, ತಿಂಡಿ, ಮಕ್ಕಳ ಡಬ್ಬಿ ಅಂತ ಒದ್ದಾಡುವ ನಮಗೂ ಅದಕ್ಕೂ ಏನು ನಂಟು ಎನ್ನುವಿರಾ? ನಂಟಿದೆ, ಸೋದರಿಯರೇ.

ಹಿಂದಿನ ಕಾಲದ ಭಿಕ್ಷುಣಿಯರ ಪದ್ಯಗಳ ಸಂಗ್ರಹವೊಂದು ಪಾಳಿ ಭಾಷೆಯಲ್ಲಿದೆ, ಹೆಸರು 'ಥೇರೀಗಾಥಾ'. ಅದರಲ್ಲಿ ಪಟಾಚಾರೆ ಎಂಬಾಕೆಯ ಪದ್ಯಗಳೂ ಇವೆ. ಸಾಸಿವೆ ಬೇಡಿ ಮನೆಮನೆ ಅಲೆದ ಕಿಸಾಗೋತಮಿಯನ್ನು ನಾವೆಲ್ಲ ಬಲ್ಲೆವು. ಪಟಾಚಾರೆಯ ಕಥೆ ಅಷ್ಟು ಪ್ರಚಾರದಲ್ಲಿಲ್ಲ.

ಹಳೆಯ ವ್ಯಾಖ್ಯಾನಗಳು ಹೇಳುವಂತೆ ಆಕೆ ಶ್ರಾವಸ್ತಿಯ ಸಾಹುಕಾರರ ಮಗಳು. ಮನೆಯ ಆಳನ್ನು ಪ್ರೀತಿಸಿ ಅವನ ಜೊತೆ ಓಡಿಹೋದಳು. ಎರಡನೆಯ ಹೆರಿಗೆಗೆಂದು ತವರಿಗೆ ಹೊರಟಾಗ ದಾರಿಯಲ್ಲೇ ನೋವು ಬಂತು, ಜೊತೆಗೆ ಬಿರುಮಳೆ. ಮರೆ ಕಟ್ಟಲು ಸೊಪ್ಪುಸದೆ ತರಹೋದ ಗಂಡ ಹಾವು ಕಚ್ಚಿ ಸತ್ತ. ಮುಂದೆ ತುಂಬಿದ ಹೊಳೆ. ಇಬ್ಬರನ್ನೂ ಒಟ್ಟಿಗೆ ಎತ್ತಲಾರದೆ ದೊಡ್ಡವನನ್ನು ಈಚೆ ದಡದಲ್ಲಿ ನಿಲ್ಲಿಸಿ, ಕೂಸನ್ನು ಆಚೆ ದಡದಲ್ಲಿ ಮಲಗಿಸಿ ಹಿಂದಿರುಗಿದಳು. ನಡುನೀರಿನಲ್ಲಿದ್ದಾಗ ಗಿಡುಗವೊಂದು ಕೂಸಿನ ಮೇಲೆರಗಿತು. ಅದನ್ನು ಓಡಿಸಲು ಕೈಬೀಸಿ ಕೂಗಿಕೊಂಡಳು; ಅಮ್ಮ ನನ್ನನ್ನೇ ಕರೀತಿದ್ದಾಳೆ ಅಂತ ದೊಡ್ಡವನು ನೀರಿಗಿಳಿದ. ಎರಡೂ ಮಕ್ಕಳು ಹೋದವು. ತವರಿಗೆ ಬಂದರೆ, ಅದೇ ಮಳೆಗೆ ಮನೆ ಕುಸಿದು ತಾಯಿ, ತಂದೆ, ತಮ್ಮ ಮೂವರೂ ಒಂದೇ ಚಿತೆಯಲ್ಲಿ ಉರಿಯುತ್ತಿದ್ದರು.

ಬುದ್ಧಿ ಕೆಟ್ಟಿತು. ಮೈಮೇಲಿನ ಬಟ್ಟೆಯ ಪರಿವೆಯೂ ಇಲ್ಲದೆ ಅಲೆದಳು. ಜನ ಹುಚ್ಚಿ ಎಂದು ಮಣ್ಣುಹೆಂಟೆ ಎಸೆದರು. ಜೇತವನಕ್ಕೆ ಬಂದಾಗಲೂ ಅಲ್ಲಿದ್ದವರು ತಡೆಯಹೋದರು. ಬುದ್ಧ, ತಡೆಯಬೇಡಿ, ಬರಲಿ ಎಂದ. ತಂಗೀ, ಎಚ್ಚರ ತಂದುಕೋ ಎಂದಷ್ಟೇ ಹೇಳಿದ. ಗುಂಪಿನಲ್ಲಿದ್ದವನೊಬ್ಬ ತನ್ನ ಮೇಲುವಸ್ತ್ರ ಎಸೆದ. ಆಕೆ ಅದನ್ನು ಸುತ್ತಿಕೊಂಡು ಕುಳಿತ ಮೇಲೆಯೇ ಉಪದೇಶ.

ಆಕೆಗೆ ಬೆಳಕು ಕಂಡದ್ದು ಯಾವ ವೃಕ್ಷದಡಿಯಲ್ಲೂ ಅಲ್ಲ. ಭಿಕ್ಷುಣಿಯಾದ ಮೇಲೆ ಒಂದು ದಿನ ಕಾಲು ತೊಳೆಯುತ್ತಾ ನೀರು ಇಳಿಜಾರಿಗೆ ಹರಿಯುವುದನ್ನು ನೋಡಿದಳು, ಮನಸ್ಸು ನೆಲೆನಿಂತಿತು. ಒಳಗೆ ಹೋಗಿ, ಮಂಚದ ಮೇಲೆ ಕುಳಿತು, ಸೂಜಿಯಿಂದ ದೀಪದ ಬತ್ತಿಯನ್ನು ಕೆಳಕ್ಕೆಳೆದಳು. ದೀಪ ನಂದಿತು, ಅದರಂತೆಯೇ ಮನಸ್ಸಿನ ಬೇಗೆಯೂ. ನಿರ್ವಾಣ ಎಂದರೂ ನಂದುವುದು ಎಂದೇ ಅರ್ಥ. ನಮ್ಮ ಕೆಲವು ಮನೆಗಳಲ್ಲೂ ಹಿರಿಯರು ದೀಪ ಆರಿಸು ಎನ್ನುವುದಿಲ್ಲ, ಶಾಂತ ಮಾಡು ಎನ್ನುತ್ತಾರಲ್ಲವೆ?

ಹೋದ ಮಕ್ಕಳು ಮರಳಲಿಲ್ಲ. ನನಗೊಬ್ಬಳಿಗೇ ಯಾಕೆ ಹೀಗೆ ಎಂಬ ಉರಿ ಮಾತ್ರ ತಣಿಯಿತು. ಮುಂದೆ ಮಕ್ಕಳನ್ನು ಕಳೆದುಕೊಂಡ ಎಷ್ಟೋ ತಾಯಂದಿರು ಆಕೆಯ ಬಳಿಗೇ ಬಂದರು. ಜ್ಞಾನೋದಯ ಎಂದರೆ ನೋವಿನಿಂದ ದೂರ ಓಡುವುದಲ್ಲ. ಇನ್ನೊಬ್ಬರ ನೋವಿನ ಪಕ್ಕದಲ್ಲಿ ಹೆದರದೆ ಕುಳಿತುಕೊಳ್ಳುವ ಶಕ್ತಿ ಬರುವುದು ಎಂದೇ ನನಗನ್ನಿಸುತ್ತದೆ.

ಸಾವಿನ ಮನೆಗೆ ಹೋದಾಗ ನಾವು ಏನೇನು ಆಡಿಬಿಡುತ್ತೇವೆ! ಬಸಿರು ಇಳಿದವಳಿಗೆ, ವಯಸ್ಸಿದೆ, ಇನ್ನೊಂದು ಆಗತ್ತೆ ಬಿಡು ಅಂತೀವಿ. ಗಂಡ ಹೋದವಳಿಗೆ ಹಣೆಬರಹ ಅಂತೀವಿ. ಮಾತು ಸಮಾಧಾನದ್ದೇ, ಆದರೆ ತಾಗುವುದು ಮಣ್ಣುಹೆಂಟೆಯ ಹಾಗೆ. ಅದರ ಬದಲು ಒಂದು ಲೋಟ ಬಿಸಿ ಗಂಜಿ ಕೊಡಿ. ಆಕೆಯ ಮಕ್ಕಳ ತಲೆ ಬಾಚಿ ಶಾಲೆಗೆ ಕಳಿಸಿ. ಸತ್ತವರ ಹೆಸರೆತ್ತಿ ಆಕೆ ಮಾತಾಡಿದರೆ ಮಾತು ಬದಲಿಸದೆ ಕೇಳಿ. ಹದಿಮೂರು ದಿನ ಕಳೆದು ನೆಂಟರೆಲ್ಲ ಹೋದ ಮೇಲೂ ಒಮ್ಮೆ ಹೋಗಿಬನ್ನಿ. ವಾರಗಟ್ಟಲೆ ಊಟ ನಿದ್ದೆ ಬಿಟ್ಟಿದ್ದರೆ, ಬದುಕು ಬೇಡ ಎನ್ನುವ ಮಾತು ಬಂದರೆ, ತಡಮಾಡದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

ಉಪದೇಶಕ್ಕೆ ಅವಸರವಿಲ್ಲ. ಆಕೆಗೆ ಬೇಕೆನಿಸಿದಾಗ ತಾನೇ ಕೇಳುತ್ತಾಳೆ.