ಶನಿವಾರದ ಬಾರು, ಭಾನುವಾರದ ಬಲಿಪೂಜೆ

ಕಳೆದ ಮಳೆಗಾಲದ ಕೊನೆಯಲ್ಲಿ ಧರ್ಮಕೇಂದ್ರದ ಯುವಜನರೊಡನೆ ಕೂಡಲಸಂಗಮಕ್ಕೆ ಹೋಗಿದ್ದೆ. ಕೃಷ್ಣೆ, ಮಲಪ್ರಭೆಯರು ತುಂಬಿ ನಿಂತಿದ್ದರು. ನಾರಾಯಣಪುರ ಜಲಾಶಯದ ಹಿನ್ನೀರು ಮುಳುಗಿಸದಂತೆ ಕಟ್ಟಿದ ಬಾವಿಯಂಥ ಗೋಡೆಯೊಳಗೆ ಇಳಿದು, ಬಸವಣ್ಣನವರ ಐಕ್ಯಸ್ಥಳವನ್ನು ಕಂಡು ಮೇಲೆ ಬಂದಾಗ, ನಮ್ಮ ಗಾಯನವೃಂದದಲ್ಲಿ ಕೀಬೋರ್ಡ್ ನುಡಿಸುವ ಹುಡುಗ ನನ್ನನ್ನು ಬದಿಗೆ ಕರೆದ.

"ಫಾದರ್, ಹುಬ್ಬಳ್ಳ್ಯಾಗ ನಮ್ಮ ಬ್ಯಾಂಡಿಗೆ ಶನಿವಾರಕ್ಕೊಮ್ಮೆ ಕರೀತಾರ್ರಿ. ಸಣ್ಣ ಬಾರು. ಒಂದು ರಾತ್ರಿಗೆ ತಲಿಗೆ 800 ರೂಪಾಯಿ. ಅವ್ವ ಬ್ಯಾಡ ಅಂತಾಳ. ನಾ ಅಲ್ಲಿ ನುಡಿಸಿದ್ರ ಪಾಪ ಏನ್ರೀ?"

ನಾನು ಕೂಡಲೇ ಉತ್ತರಿಸಲಿಲ್ಲ. ಅದಕ್ಕೆ ಕಾರಣವಿತ್ತು. ಇಪ್ಪತ್ತು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ಇಂಥದೇ ಪ್ರಶ್ನೆಗೆ ನಾನು ತಡಮಾಡದೆ ಉತ್ತರ ಕೊಟ್ಟಿದ್ದೆ. ಬಾರಿನಲ್ಲಿ ನುಡಿಸುವ ಕೈ ಬಲಿಪೀಠದ ಬಳಿ ನುಡಿಸುವುದು ಬೇಡವೆಂದಿದ್ದೆ. ಆ ಯುವಕ ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಹೊರಟವನು ಮತ್ತೆ ಗಾಯನವೃಂದಕ್ಕೂ ಬರಲಿಲ್ಲ, ದೇವಾಲಯಕ್ಕೂ ಬರಲಿಲ್ಲ. ಬಾರಿಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ದೇವಾಲಯದ ಪಾವಿತ್ರ್ಯವನ್ನು ಕಾಪಾಡಿದೆನೆಂದು ಆಗ ನಾನು ಭಾವಿಸಿದ್ದೆ. ಅವನ ಕ್ಷೇಮವನ್ನು ವಿಚಾರಿಸಬಹುದಾಗಿದ್ದ ಒಂದೇ ಬಾಗಿಲನ್ನು ನಾನೇ ಮುಚ್ಚಿದೆನೆಂಬುದು ಬಹಳ ತಡವಾಗಿ ಅರಿವಾಯಿತು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದವನಿಗೆ ಈ ವಿಷಯ ಹೊಸದಾಗಿರಬೇಕಿರಲಿಲ್ಲ. ಹದಿಮೂರನೆಯ ಶತಮಾನದಲ್ಲಿಯೇ ಸಂತ ತೋಮಾಸ್ ಅಕ್ವಿನಾಸರು ವಿನೋದಗಾರರ ವೃತ್ತಿಯ ಬಗ್ಗೆ ವಿಚಾರಿಸಿದ್ದಾರೆ. ಜನರ ಮನಸ್ಸಿಗೆ ನೆಮ್ಮದಿ ನೀಡುವ ಆ ವೃತ್ತಿ ತನ್ನಷ್ಟಕ್ಕೆ ದೋಷವುಳ್ಳದ್ದಲ್ಲ, ಅದು ಮಿತಿಯಲ್ಲಿರಬೇಕು, ಅಂಥವರಿಗೆ ಕೂಲಿ ಕೊಡುವುದು ನ್ಯಾಯವೇ ಆಗಿದೆ ಎಂಬುದು ಅವರ ನಿರ್ಣಯ. ಹೀಗಿರುವಾಗ ದೋಷವನ್ನು ನಾವು ವಾದ್ಯದಲ್ಲಿ ಹುಡುಕಬಾರದು, ಅದರ ಬಳಕೆಯಲ್ಲಿ ಹುಡುಕಬೇಕು.

ಚರಿತ್ರೆಯೂ ಇದನ್ನೇ ಹೇಳುತ್ತದೆ. ಗೋವೆಯ ದೇವಾಲಯಗಳ ಶಾಲೆಗಳಲ್ಲಿ ಸ್ವರಲಿಪಿ ಕಲಿತ ಎಷ್ಟೋ ಕಥೋಲಿಕ ಹುಡುಗರು ಮುಂಬಯಿ, ಕಲ್ಕತ್ತೆಗಳ ಹೋಟೆಲು ಮತ್ತು ನೈಟ್‌ಕ್ಲಬ್ಬುಗಳಲ್ಲಿ ನುಡಿಸಿ ಊರಿನ ಮನೆಗಳನ್ನು ಸಾಕಿದರು. ಇಂದು ನಮ್ಮ ಮದುವೆಮನೆಗಳಲ್ಲಿ ಭಕ್ತರೂ ಹಿರಿಯರೂ ತಲೆದೂಗುವ ಕ್ರಿಸ್ ಪೆರಿ ಮತ್ತು ಲೋರ್ನಾ ಅವರ ಕೊಂಕಣಿ ಹಾಡುಗಳ ಹಿಂದಿರುವ ಪಳಗಿದ ಕೈ ಮತ್ತು ಕಂಠಗಳು ಅಂಥ ಕ್ಲಬ್ಬುಗಳಲ್ಲಿಯೇ ದುಡಿದಂಥವು. 1949ರ ಮುಂಬಯಿ ಪಾನನಿಷೇಧ ಕಾಯ್ದೆಯಿಂದ ಕ್ಲಬ್ಬುಗಳ ಕೆಲಸ ಕುಗ್ಗಿದಾಗ ಹಲವರು ಸಿನಿಮಾ ಸಂಗೀತದತ್ತ ಹೊರಳಿದರು. ಆ ದಿನಗಳಲ್ಲಿ ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದಗಳೂ ವಿಜಾಪುರ ಜಿಲ್ಲೆಯ ಭಾಗವಾಗಿ 1956ರವರೆಗೆ ಮುಂಬಯಿ ರಾಜ್ಯದಲ್ಲಿಯೇ ಇದ್ದವು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬನಶಂಕರಿ ಜಾತ್ರೆಯಲ್ಲಿ ರಾತ್ರಿಯಿಡೀ ನಡೆಯುವ ಕಂಪನಿ ನಾಟಕಗಳ ಪೇಟಿ ಮಾಸ್ತರನನ್ನು ಮರ್ಯಾದಸ್ಥರು ಒಂದು ಕಾಲಕ್ಕೆ ಹೇಗೆ ಕಾಣುತ್ತಿದ್ದರೆಂಬುದು ಹಿರಿಯರಿಗೆ ಗೊತ್ತು. ಆದರೆ 2010ರಲ್ಲಿ ಅಗಲಿದ ಗದಗಿನ ಪುಟ್ಟರಾಜ ಗವಾಯಿಗಳು ಆಶ್ರಮದ ಅಂಧ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯನ್ನೇ ನಡೆಸಿದರು. ರಂಗಸ್ಥಳ ಅವರನ್ನು ಕೆಡಿಸಲಿಲ್ಲ. ಅವರಿಂದ ರಂಗಸ್ಥಳಕ್ಕೇ ಗೌರವ ಬಂದಿತು.

ಇಷ್ಟನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು ಇಳಕಲ್ಲಿನಲ್ಲಿರುವ ಆ ಹುಡುಗನ ಮನೆಗೆ ಹೋದೆ. ತಾಯಿ ಚಹಾ ಕೊಟ್ಟು, ಗೋಡೆಯ ಮೇಲಿನ ಗಂಡನ ಫೋಟೋ ತೋರಿಸಿದರು. "ಇವರನ್ನ ಕುಡಿತ ತಿಂತ್ರಿ, ಫಾದರ್. ಮಗನ್ನೂ ಅಲ್ಲಿಗೇ ಕಳಸಲೇನ್ರಿ?" ಎಂದರು. ನನ್ನ ಸಿದ್ಧ ಉತ್ತರಗಳೆಲ್ಲ ನಾಲಿಗೆಯಲ್ಲಿಯೇ ಉಳಿದವು.

ತನ್ನಷ್ಟಕ್ಕೆ ಒಳ್ಳೆಯದಾದದ್ದು ಪ್ರತಿಯೊಬ್ಬನಿಗೂ ಒಳ್ಳೆಯದಾಗಬೇಕೆಂದಿಲ್ಲ. ತತ್ತ್ವ ಎಲ್ಲರಿಗೂ ಒಂದೇ ಆದರೂ ವಿವೇಕ ಪ್ರತಿ ಮನೆಯ ಹೊಸ್ತಿಲಲ್ಲಿ ಬೇರೆಯಾಗಿರುತ್ತದೆ. ಆ ತಾಯಿಯ ಭಯವನ್ನು ಮೌಢ್ಯವೆನ್ನುವ ಹಕ್ಕು ನನಗಿರಲಿಲ್ಲ. ರಾಜ್ಯದಲ್ಲಿ ಸಾರಾಯಿಯನ್ನು 2007ರಲ್ಲಿ ನಿಷೇಧಿಸಿದ ಮೇಲೂ ಕುಡಿತದ ದುಃಖ ಬಡವರ ಮನೆಗಳಿಂದ ಹೋಗಿಲ್ಲ. ಹಣದ ಬದಲು ಗ್ಲಾಸು ನೀಡಿ ವಾದ್ಯಗಾರರನ್ನು ಹಾಳುಮಾಡುವ ಕಡೆಗಳೂ ಇವೆ.

ಕೊನೆಗೆ ಮೂವರೂ ಕುಳಿತು ಮಾತಾಡಿದೆವು. ಕೂಲಿ ಹಣದಲ್ಲಿಯೇ ಬರಬೇಕು, ಮದ್ಯದಲ್ಲಿ ಅಲ್ಲ. ಹಣ ನೇರವಾಗಿ ತಾಯಿಯ ಕೈಗೆ ಹೋಗಬೇಕು. ಹೆಣ್ಣನ್ನು ಹೀನಾಯಗೊಳಿಸುವ ಹಾಡು ಬಂದರೆ ಕೈ ನಿಲ್ಲಬೇಕು. ಮೊದಲ ಗ್ಲಾಸು ತುಟಿಗೆ ತಾಗಿದ ದಿನ ತಾನಾಗಿಯೇ ಕೆಲಸ ಬಿಡಬೇಕು. ಮೂರು ತಿಂಗಳು ನೋಡೋಣವೆಂದು ತಾಯಿ ಒಪ್ಪಿದರು, ಅರೆಮನಸ್ಸಿನಿಂದ.

ಇನ್ನು ನನ್ನ ಮಾತು ನಮಗೆ, ಅಂದರೆ ಸಭೆಗೆ. ಆ ಹುಡುಗನನ್ನು ಗಾಯನವೃಂದದಿಂದ ತೆಗೆಯಬೇಕೆಂದು ಕೆಲವು ಹಿರಿಯರು ನನಗೆ ಹೇಳಿದ್ದಾರೆ. ಅದೇ ಬಾರುಗಳಲ್ಲಿ ಕುಳಿತು ಕುಡಿಯುವವರಿಗೆ ದೇವಾಲಯದ ಮುಂದಿನ ಸಾಲಿನಲ್ಲಿ ಸ್ಥಳವಿದೆ. ಅಲ್ಲಿ ನಿಂತು ದುಡಿಯುವವನಿಗೆ ಮಾತ್ರ ಇಲ್ಲವೇ? ಎಂಟು ವರ್ಷ ಪ್ರತಿ ಭಾನುವಾರ, ಪ್ರತಿ ಹಬ್ಬ, ಪ್ರತಿ ಶವಸಂಸ್ಕಾರದಲ್ಲಿ ಅವನು ನಮಗಾಗಿ ನುಡಿಸಿದ. ಒಂದು ಬಸ್ಸಿನ ಟಿಕೆಟಿನ ಹಣವನ್ನಾದರೂ ನಾವು ಕೊಟ್ಟಿದ್ದೆವೇ? ಅವನ ದುಡಿಮೆಗೆ ಬೆಲೆಯಿದೆಯೆಂದು ಮೊದಲು ಹೇಳಿದವನು ಬಾರಿನ ಮಾಲೀಕ. ಇದು ನನಗೆ ನಾಚಿಕೆಯ ಸಂಗತಿ. ಬರುವ ತಿಂಗಳಿನಿಂದ ನಮ್ಮ ವಾದ್ಯಗಾರರಿಗೆ ಸಣ್ಣ ಗೌರವಧನ ಕೊಡಲು ಪಾಲನಾ ಪರಿಷತ್ತಿನಲ್ಲಿ ಕೇಳಿಕೊಂಡಿದ್ದೇನೆ. ಕಾಯಕಕ್ಕೆ ಗೌರವ ಸಲ್ಲಬೇಕೆಂಬುದನ್ನು ಕೂಡಲಸಂಗಮದ ನೆರೆಯಲ್ಲಿರುವ ನಮಗೆ ಬೇರೆಯವರು ಕಲಿಸಬೇಕಾಗಿಲ್ಲ.

ಎರಡು ತಿಂಗಳು ಕಳೆದಿವೆ. ಶನಿವಾರ ರಾತ್ರಿಯ ಬಸ್ಸು ಹಿಡಿದು ಬೆಳಗಾಗುವ ಮುನ್ನ ಅವನು ಊರು ಸೇರುತ್ತಾನೆ. ಬಲಿಪೂಜೆಯಲ್ಲಿ ಅವನ ಕಣ್ಣುಗಳು ಕೆಂಪಾಗಿರುತ್ತವೆ. ಅದು ನಿದ್ದೆಗೇಡಿನ ಕೆಂಪೆಂದು ನಂಬಿದ್ದೇನೆ. ತಾಯಿ ಮೂರನೆಯ ಸಾಲಿನಿಂದ ಅವನನ್ನೇ ನೋಡುತ್ತಿರುತ್ತಾರೆ. ಪ್ರಿಯ ಓದುಗರೇ, ನಿಮ್ಮ ಮನೆಗಳಲ್ಲಿಯೂ ಇಂಥ ಹುಡುಗರಿದ್ದರೆ, ಬಾಗಿಲು ಮುಚ್ಚುವ ಮೊದಲು ಒಮ್ಮೆ ಅವರೊಡನೆ ಕುಳಿತು ಮಾತಾಡಿರಿ.