ಚಿತ್ರವು ಅಕ್ಷರವಾದ ಬಗೆ

ಚೀನೀ ಲಿಪಿಯು ಚಿತ್ರಗಳ ಸರಮಾಲೆಯೆಂದೂ, ಕಣ್ಣುಳ್ಳ ಯಾರು ಬೇಕಾದರೂ ಅದರ ಅರ್ಥವನ್ನು ಊಹಿಸಬಹುದೆಂದೂ ಅನೇಕರು ತಿಳಿದಿದ್ದಾರೆ. ಈ ತಿಳಿವಳಿಕೆ ಆಕರ್ಷಕವಾದುದು, ಆದರೆ ಸರಿಯಾದುದಲ್ಲ. ಚಿತ್ರವೊಂದು ಅಕ್ಷರವಾಗಬೇಕಾದರೆ ಹೋಲಿಕೆಯೊಂದೇ ಸಾಲದು. ಅದನ್ನು ಹೀಗೆಯೇ ಓದಬೇಕೆಂಬ ಜನರ ಒಪ್ಪಂದವೂ ಬೇಕು ಎಂಬುದು ನನ್ನ ಅಭಿಪ್ರಾಯ.

ಕ್ರಿ.ಪೂ. 1250ರ ಸುಮಾರಿನಿಂದ ಷಾಂಗ್ ವಂಶದ ಅರಸರು ಮಳೆ, ಬೆಳೆ, ಬೇಟೆ, ಯುದ್ಧಗಳ ವಿಷಯದಲ್ಲಿ ಪೂರ್ವಜರ ಇಚ್ಛೆಯನ್ನು ತಿಳಿಯಲು ಎತ್ತಿನ ಹೆಗಲಮೂಳೆಗೂ ಆಮೆಯ ಚಿಪ್ಪಿಗೂ ಕಾವು ಕೊಡಿಸಿ, ಮೂಡಿದ ಬಿರುಕುಗಳಿಂದ ಶಕುನ ನೋಡುತ್ತಿದ್ದರು. ಕೇಳಿದ ಪ್ರಶ್ನೆಯನ್ನು ಆ ಮೂಳೆಯ ಮೇಲೆಯೇ ಕೊರೆಯಿಸುತ್ತಿದ್ದರು. ಮೂರು ಸಾವಿರ ವರ್ಷಗಳ ತರುವಾಯ ಮಣ್ಣಿನಲ್ಲಿ ಸಿಕ್ಕ ಈ ಮೂಳೆಗಳು ಡ್ರ್ಯಾಗನ್ನಿನ ಮೂಳೆಗಳೆಂಬ ಹೆಸರಿನಿಂದ ಔಷಧಿಯಾಗಿ ಮಾರಾಟವಾದವು. ಎಷ್ಟೋ ಬರಹಗಳು ಹೀಗೆ ಪುಡಿಯಾಗಿ ಹೋದವು. 1899ರಲ್ಲಿ ವಾಂಗ್ ಯಿರೋಂಗ್ ಎಂಬ ವಿದ್ವಾಂಸರು ಅವುಗಳ ಮೇಲಿನ ಗೀರುಗಳು ಪ್ರಾಚೀನ ಲಿಪಿಯೆಂದು ಗುರುತಿಸಿದರು. 1928ರಿಂದ ಆನ್ಯಾಂಗ್ ನಗರದ ಬಳಿ ವ್ಯವಸ್ಥಿತ ಉತ್ಖನನ ನಡೆಯಿತು.

ಈ ಲಿಪಿಯಲ್ಲಿ ಚಿತ್ರಗಳಿರುವುದು ನಿಜ. ನಡುವೆ ಗುರುತೊಂದುಳ್ಳ ದುಂಡು ಆಕೃತಿ ಸೂರ್ಯ. ಕೊಂಬೆ ಬೇರುಗಳುಳ್ಳ ಆಕೃತಿ ಮರ. ಮರದ ಪಕ್ಕದಲ್ಲಿ ಮನುಷ್ಯನಿದ್ದರೆ ವಿಶ್ರಾಂತಿ. ಆದರೆ 'ಬರುವುದು' ಎಂಬ ಕ್ರಿಯೆಯನ್ನು ಚಿತ್ರಿಸುವುದೆಂತು? ಅದನ್ನು ಸೂಚಿಸುವ ಮಾತೂ ಗೋಧಿಯ ಹಳೆಯ ಹೆಸರೊಂದೂ ಉಚ್ಚಾರಣೆಯಲ್ಲಿ ಸಮೀಪವಾಗಿದ್ದುದರಿಂದ, ಗೋಧಿಯ ಪೈರಿನ ಚಿತ್ರವನ್ನೇ ಅದಕ್ಕೆ ಎರವಲು ಪಡೆದರು. ಇಂದು 'ಮಾ' ಎಂದರೆ ತಾಯಿ. ಆ ಅಕ್ಷರದಲ್ಲಿ ಹೆಣ್ಣಿನ ಗುರುತಿನ ಜೊತೆಗೆ ಕುದುರೆಯ ಗುರುತೂ ಇದೆ. ಕುದುರೆಗೂ ತಾಯಿಗೂ ಏನು ಸಂಬಂಧ? ಕುದುರೆಯ ಹೆಸರೂ 'ಮಾ', ಸ್ವರದ ಏರಿಳಿತ ಮಾತ್ರ ಬೇರೆ. ಒಂದು ಭಾಗ ಅರ್ಥವನ್ನೂ ಇನ್ನೊಂದು ಧ್ವನಿಯನ್ನೂ ಸೂಚಿಸುವ ಇಂತಹ ಅಕ್ಷರಗಳೇ ಚೀನೀ ಲಿಪಿಯಲ್ಲಿ ಬಹುಪಾಲು.

ಅಮೆರಿಕದ ತತ್ತ್ವಜ್ಞ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ (1839–1914) ಚಿಹ್ನೆಗಳಲ್ಲಿ ಮೂರು ಬಗೆಗಳನ್ನು ಕಂಡರು. ವಸ್ತುವನ್ನು ಹೋಲುವ ಚಿತ್ರ ಒಂದು ಬಗೆ. ಬೆಂಕಿಗೆ ಹೊಗೆಯಂತೆ ವಸ್ತುವಿನೊಡನೆ ನೇರ ಸಂಬಂಧವುಳ್ಳ ಕುರುಹು ಇನ್ನೊಂದು. ರೂಢಿಯಿಂದ ಮಾತ್ರ ಅರ್ಥ ಪಡೆಯುವ ಸಂಕೇತ ಮೂರನೆಯದು. ಷಾಂಗ್ ಕಾಲದ ಮೂಳೆಯಲ್ಲಿ ಈ ಮೂರೂ ಉಂಟು. ಬಿರುಕು ಕಾವಿನ ಕುರುಹು. ಮರದ ಆಕೃತಿ ಚಿತ್ರ. 'ಬರುವುದು' ಎಂಬ ಅರ್ಥದಲ್ಲಿ ನಿಂತ ಗೋಧಿಯ ಪೈರು ಸಂಕೇತ.

ಚಿತ್ರಗಳು ತಾವಾಗಿಯೇ ಮಾತನಾಡುವಂತಿದ್ದರೆ ವಿದ್ವಾಂಸರು ಶ್ರಮಿಸಬೇಕಾಗಿರಲಿಲ್ಲ ಎಂಬುದನ್ನು ನಾವು ನೆನಪಿಡಬೇಕು. ಈ ಮೂಳೆಗಳಲ್ಲಿ ದೊರೆತಿರುವ ಸುಮಾರು 4,500 ಬೇರೆ ಬೇರೆ ಅಕ್ಷರಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವನ್ನು ಇಂದಿಗೂ ನಿಶ್ಚಿತವಾಗಿ ಓದಲಾಗಿಲ್ಲ. ಗೆರೆಗಳು ಉಳಿದಿವೆ, ಒಪ್ಪಂದ ಮರೆತುಹೋಗಿದೆ. ಓದಲಾದ ಅಕ್ಷರಗಳಾದರೂ ತಿಳಿದುಬಂದದ್ದು ಅವು ಚಿತ್ರಗಳೆಂಬ ಒಂದೇ ಕಾರಣದಿಂದಲ್ಲ. ಅವುಗಳ ಸಂತತಿಯಾದ ಅಕ್ಷರಗಳನ್ನು ತಲೆಮಾರಿನಿಂದ ತಲೆಮಾರಿಗೆ ಚೀನೀಯರು ಕಲಿಸುತ್ತ ಬಂದಿದ್ದರು. ಹಳೆಯ ಕಂಚಿನ ಪಾತ್ರೆಗಳ ಮೇಲಿನ ಬರಹಗಳನ್ನು ಅಭ್ಯಾಸ ಮಾಡಿದ್ದ ಕಣ್ಣಿಗೆ ಮೂಳೆಯ ಗೀರುಗಳು ಅಕ್ಷರಗಳಾಗಿ ಕಂಡವು.

ಅಂಗಡಿಯ ಪುಡಿಗೂ ಸಂಗ್ರಹಾಲಯದ ಶಾಸನಕ್ಕೂ ಮೂಳೆ ಒಂದೇ. ಓದುವವನಿದ್ದಾನೆಯೇ ಇಲ್ಲವೇ ಎಂಬುದೊಂದೇ ವ್ಯತ್ಯಾಸ. ಆದುದರಿಂದ ಲಿಪಿಯ ಆಯುಷ್ಯವು ಅದನ್ನು ಕೊರೆದ ಮೂಳೆಯ ಗಟ್ಟಿತನದಲ್ಲಿಲ್ಲ, ಅದನ್ನು ಕಲಿಯುವ ಮಕ್ಕಳಲ್ಲಿದೆ.